ಅಡುಗೆ ಭಟ್ಟರ ಕೈಗೆ ಮದುವೆ ಮನೆ: ಅಮೆರಿಕದ ಫುಟ್‌ಬಾಲ್‌ನಲ್ಲಿ ಹೆಡ್ ಕೋಚ್ ಆರಿಸುವ ಬಗೆ

ಜನವರಿ ಬಂತೆಂದರೆ ಇಲ್ಲಿನ ಆಫೀಸುಗಳಲ್ಲಿ ಒಂದೇ ಮಾತು. ಯಾವ ತಂಡದ ಹೆಡ್ ಕೋಚ್ ಕೆಲಸ ಹೋಯಿತು, ಆ ಜಾಗಕ್ಕೆ ಯಾರು ಬರುತ್ತಾರೆ. ಎನ್‌ಎಫ್‌ಎಲ್ ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್. ಅದರ ಲೀಗ್ ಪಂದ್ಯಗಳು ಮುಗಿದ ಮರುದಿನದ ಸೋಮವಾರಕ್ಕೆ ‘ಬ್ಲ್ಯಾಕ್ ಮಂಡೇ’ ಅಂತಲೇ ಹೆಸರು. ಬಂದ ಹೊಸತರಲ್ಲಿ ನಾನು ಕಾಫಿ ಕಪ್ ಹಿಡಿದು ಸುಮ್ನೆ ತಲೆಯಾಡಿಸುತ್ತಿದ್ದೆ. ಒಬ್ಬ ಕೋಚ್ ಹೋಗಿ ಇನ್ನೊಬ್ಬ ಬಂದರೆ ಏನು ಮಹಾ ಅನ್ನಿಸುತ್ತಿತ್ತು. ಕ್ರಿಕೆಟ್ ನೋಡಿ ಬೆಳೆದವರಿಗೆಲ್ಲ ಹಾಗೇ ಅನ್ನಿಸೋದು.

ನಮ್ಮ ರಾಹುಲ್ ದ್ರಾವಿಡ್ 2021ರಿಂದ 2024ರವರೆಗೆ ಭಾರತ ತಂಡದ ಹೆಡ್ ಕೋಚ್ ಆಗಿದ್ದರು. ಆದರೆ ಕೊನೆಯ ಓವರ್ ಯಾರು ಹಾಕಬೇಕು ಅನ್ನೋದನ್ನು ಮೈದಾನದಲ್ಲಿ ನಿಂತ ಕ್ಯಾಪ್ಟನ್ನೇ ಹೇಳಬೇಕು. ಅಮೆರಿಕದ ಫುಟ್‌ಬಾಲ್‌ನಲ್ಲಿ ಹಾಗಲ್ಲ. ಇಲ್ಲಿ ಕ್ಯಾಪ್ಟನ್ನರು ಟಾಸ್‌ಗೆ ಹೋಗಿ ಬರುತ್ತಾರೆ. ಮುಖ್ಯ ನಿರ್ಧಾರಗಳು ಗೆರೆಯಾಚೆ ಹೆಡ್‌ಸೆಟ್ ಹಾಕಿಕೊಂಡು ನಿಂತವರದು.

ಹೆಡ್ ಕೋಚ್ ಕೆಳಗೆ ಮೂವರು ಕೋಆರ್ಡಿನೇಟರ್‌ಗಳಿರುತ್ತಾರೆ. ಚೆಂಡನ್ನು ಮುಂದೆ ಒಯ್ಯುವ ಅಫೆನ್ಸ್‌ಗೆ ಒಬ್ಬರು, ತಡೆಯುವ ಡಿಫೆನ್ಸ್‌ಗೆ ಒಬ್ಬರು, ಒದೆಯುವ ಸಂದರ್ಭಗಳನ್ನೆಲ್ಲ ನೋಡಿಕೊಳ್ಳುವ ಸ್ಪೆಷಲ್ ಟೀಮ್ಸ್‌ಗೆ ಇನ್ನೊಬ್ಬರು. ಹೆಚ್ಚಿನ ಹೊಸ ಹೆಡ್ ಕೋಚ್‌ಗಳು ಮೊದಲ ಎರಡು ಗುಂಪಿನಿಂದಲೇ ಬರುತ್ತಾರೆ. ಇದು ನನಗೆ ಯಾವಾಗಲೂ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಮದುವೆಯಲ್ಲಿ ಹೋಳಿಗೆ ಬಹಳ ಚೆನ್ನಾಗಿತ್ತು, ಹಾಗಾಗಿ ಮುಂದಿನ ಮದುವೆಯ ಯಜಮಾನಿಕೆ ಭಟ್ಟರಿಗೇ ವಹಿಸೋಣ ಅಂದ ಹಾಗೆ. ಕೆಲವು ಭಟ್ಟರು ಅದನ್ನೂ ಚೆನ್ನಾಗಿ ನಡೆಸುತ್ತಾರೆ. ಕೆಲವರು ಛತ್ರದ ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುತ್ತಿರುತ್ತಾರೆ.

ಹಾಗಾದರೆ ನಮ್ಮೂರಿನ ತಂಡ ಒಬ್ಬ ಕೋಆರ್ಡಿನೇಟರ್ ಹೆಸರು ಹೇಳಿದಾಗ ಏನು ನೋಡಬೇಕು?

ಎಲ್ಲಕ್ಕಿಂತ ಮೊದಲು, ಪ್ಲೇ ಕರೆಯುತ್ತಿದ್ದವರು ಯಾರು ಅಂತ ಕೇಳಿ. ಪ್ಲೇ ಅಂದರೆ ಕ್ರಿಕೆಟ್‌ನ ಒಂದು ಎಸೆತದ ಹಾಗೆ ಆಟದ ಒಂದು ತುಣುಕು, ಅದರಲ್ಲಿ ಯಾರು ಏನು ಮಾಡಬೇಕು ಅಂತ ಆರಿಸಿ ಹೇಳುವುದೇ ಪ್ಲೇ ಕರೆಯುವುದು. ಒಂದು ಪ್ಲೇ ಮುಗಿದ ಮೇಲೆ ಸಾಮಾನ್ಯವಾಗಿ 40 ಸೆಕೆಂಡಿನ ಗಡಿಯಾರ ಓಡುತ್ತದೆ. ಅಷ್ಟರೊಳಗೆ ಮುಂದಿನ ಪ್ಲೇ ಯಾವುದು ಅಂತ ಆರಿಸಿ, ಅಫೆನ್ಸ್ ನಡೆಸುವ, ಚೆಂಡು ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್ ಕಿವಿಗೆ ಹೇಳಬೇಕು. ಅವನ ಹೆಲ್ಮೆಟ್ ಒಳಗೆ ರೇಡಿಯೊ ಇರುತ್ತದೆ, ಹಿಂದೆ ಒಂದು ಹಸಿರು ಚುಕ್ಕೆ ಕಾಣುತ್ತದಲ್ಲ, ಅದೇ ಅದರ ಗುರುತು. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೊ ತಾನಾಗಿ ಕಡಿದುಹೋಗುತ್ತದೆ. ಈ ಕೆಲಸವನ್ನು ಕೆಲವು ತಂಡಗಳಲ್ಲಿ ಅಫೆನ್ಸಿವ್ ಕೋಆರ್ಡಿನೇಟರ್ ಮಾಡುತ್ತಾರೆ. ಇನ್ನು ಕೆಲವು ಕಡೆ ಹೆಡ್ ಕೋಚ್ ತಾವೇ ಇಟ್ಟುಕೊಂಡಿರುತ್ತಾರೆ, ಕೋಆರ್ಡಿನೇಟರ್‌ದು ವಾರವಿಡೀ ತಯಾರಿ ಮಾಡಿಕೊಡುವ ಕೆಲಸ. ಹುದ್ದೆಯ ಹೆಸರು ಒಂದೇ, ಕೆಲಸ ಬೇರೆ.

ನಥಾನಿಯಲ್ ಹ್ಯಾಕೆಟ್ ಕಥೆ ಗೊತ್ತಿದ್ದರೆ ಇದು ಮರೆಯುವುದಿಲ್ಲ. ಅವರು ಗ್ರೀನ್ ಬೇ ಪ್ಯಾಕರ್ಸ್ ತಂಡದ ಅಫೆನ್ಸಿವ್ ಕೋಆರ್ಡಿನೇಟರ್ ಆಗಿದ್ದಾಗ ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ 2020 ಮತ್ತು 2021, ಎರಡೂ ವರ್ಷ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಗೆದ್ದರು. ಆದರೆ ಅಲ್ಲಿ ಪ್ಲೇ ಕರೆಯುತ್ತಿದ್ದವರು ಹೆಡ್ ಕೋಚ್ ಮ್ಯಾಟ್ ಲಾಫ್ಲರ್. 2022ರಲ್ಲಿ ಡೆನ್ವರ್ ಬ್ರಾಂಕೋಸ್ ಹ್ಯಾಕೆಟ್ ಅವರನ್ನು ಹೆಡ್ ಕೋಚ್ ಮಾಡಿತು. ಮೊದಲ ಪಂದ್ಯ ಸಿಯಾಟಲ್‌ನಲ್ಲಿ. ಕೊನೆಯ ನಿಮಿಷ, ಡೆನ್ವರ್ ಒಂದೇ ಅಂಕ ಹಿಂದೆ. ಫೋರ್ತ್ ಡೌನ್, ಅಂದರೆ ಚೆಂಡು ಮುಂದೆ ಒಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು, ಬೇಕಿದ್ದದ್ದು 5 ಗಜ. ರಸೆಲ್ ವಿಲ್ಸನ್ ಅನ್ನುವ ಭಾರೀ ಸಂಬಳದ ಕ್ವಾರ್ಟರ್‌ಬ್ಯಾಕ್ ಕೈಲಿದ್ದಾನೆ, ಮೂರು ಟೈಮ್‌ಔಟ್ ಬಾಕಿ ಇವೆ. ಹ್ಯಾಕೆಟ್ ಗಡಿಯಾರ ಓಡಲು ಬಿಟ್ಟು, 20 ಸೆಕೆಂಡ್ ಉಳಿದಾಗ 64 ಗಜ ದೂರದಿಂದ ಫೀಲ್ಡ್ ಗೋಲ್‌ಗೆ, ಅಂದರೆ ಕಂಬಗಳ ನಡುವೆ ಹಾಯಿಸಿ ಮೂರು ಅಂಕ ಪಡೆಯಲು, ಚೆಂಡು ಒದೆಸಿದರು. ಚೆಂಡು ಆಚೆ ಹೋಯಿತು. 17-16ಕ್ಕೆ ಸೋಲು.

ಮುಂದಿನ ಪಂದ್ಯ ಡೆನ್ವರ್‌ನಲ್ಲೇ. ಪ್ಲೇ ತಡವಾಗಿ ಬರುವುದು ನೋಡಿ ನೋಡಿ ಸಾಕಾದ ಸ್ವಂತ ಅಭಿಮಾನಿಗಳೇ ಗಡಿಯಾರವನ್ನು ಜೋರಾಗಿ ಎಣಿಸತೊಡಗಿದರು. ಐದು, ನಾಲ್ಕು, ಮೂರು... ಅಮ್ಮ ಸ್ಕೂಲ್ ಬಸ್ ಬಂತು ಅಂತ ಮಗುವನ್ನು ಅವಸರಪಡಿಸಿದ ಹಾಗೆ! ಪಂದ್ಯದ ನಿರ್ಧಾರಗಳಲ್ಲಿ ನೆರವಾಗಲಿ ಅಂತ ನಿವೃತ್ತರಾಗಿದ್ದ ಜೆರ್ರಿ ರಾಸ್‌ಬರ್ಗ್ ಅವರನ್ನು ಕರೆತಂದರು. ಆದರೂ ಹ್ಯಾಕೆಟ್ 4 ಗೆಲುವು, 11 ಸೋಲಿಗೆ, ಸೀಸನ್ ಮುಗಿಯುವ ಮೊದಲೇ ಕೆಲಸ ಕಳೆದುಕೊಂಡರು.

ಹಾಗಂತ ಪ್ಲೇ ಕರೆಯದವರೆಲ್ಲ ಬೇಡ ಅಂತಲೂ ಅಲ್ಲ. ಕೆವಿನ್ ಒಕಾನಲ್ ಲಾಸ್ ಏಂಜಲೀಸ್ ರಾಮ್ಸ್‌ನಲ್ಲಿ ಕೋಆರ್ಡಿನೇಟರ್ ಆಗಿದ್ದರೂ ಪ್ಲೇ ಕರೆಯುತ್ತಿದ್ದವರು ಹೆಡ್ ಕೋಚ್ ಶಾನ್ ಮೆಕ್‌ವೇ. ಒಕಾನಲ್ 2022ರಲ್ಲೇ ಮಿನೆಸೋಟಾಗೆ ಹೆಡ್ ಕೋಚ್ ಆಗಿ ಹೋಗಿ ಮೊದಲ ವರ್ಷ 13 ಪಂದ್ಯ ಗೆದ್ದರು. ಕಾನ್ಸಾಸ್ ಸಿಟಿಯ ಎರಿಕ್ ಬಿಯೆನಿಮಿ ಮೇಲೂ ಇದೇ ಪ್ರಶ್ನೆ ವರ್ಷಗಟ್ಟಲೆ ಇತ್ತು. ಎರಡು ಸೂಪರ್ ಬೌಲ್ (ಲೀಗಿನ ಫೈನಲ್) ಗೆದ್ದ ತಂಡದ ಕೋಆರ್ಡಿನೇಟರ್ ಅವರು. ಆದರೂ ಅದೆಲ್ಲ ಹೆಡ್ ಕೋಚ್ ಆಂಡಿ ರೀಡ್ ಕೈಚಳಕ ಅನ್ನುತ್ತಿದ್ದರು. ಕೊನೆಗೆ 2023ರಲ್ಲಿ ಪ್ಲೇ ಕರೆಯಲೆಂದೇ ವಾಷಿಂಗ್‌ಟನ್‌ಗೆ ಹೋದರು. ಅದೇ ಆಂಡಿ ರೀಡ್ ಎಂದೂ ಕೋಆರ್ಡಿನೇಟರ್ ಆಗಿರಲಿಲ್ಲ ಅನ್ನೋದು ತಮಾಷೆ. 1999ರಲ್ಲಿ ಫಿಲಡೆಲ್ಫಿಯಾ ಅವರನ್ನು ಕ್ವಾರ್ಟರ್‌ಬ್ಯಾಕ್ ಕೋಚ್ ಹುದ್ದೆಯಿಂದ ನೇರವಾಗಿ ಹೆಡ್ ಕೋಚ್ ಸ್ಥಾನಕ್ಕೆ ಎತ್ತಿಕೊಂಡಿತು.

ಇನ್ನು ಅಂಕಿಅಂಶ. ಟಿವಿಯಲ್ಲಿ ಇವರ ಡಿಫೆನ್ಸ್ ಲೀಗಿನಲ್ಲೇ ಮೂರನೆಯದು ಅಂತ ತೋರಿಸಿದರೆ ತಕ್ಷಣ ಮರುಳಾಗಬೇಡಿ. ಮೈಕ್ ವ್ರೇಬಲ್ 2017ರಲ್ಲಿ ಹ್ಯೂಸ್ಟನ್‌ನ ಡಿಫೆನ್ಸಿವ್ ಕೋಆರ್ಡಿನೇಟರ್. ಆ ವರ್ಷ 32 ತಂಡಗಳಲ್ಲಿ ಅತಿ ಹೆಚ್ಚು ಅಂಕ ಬಿಟ್ಟುಕೊಟ್ಟದ್ದು ಆ ತಂಡವೇ. ಆದರೂ ಟೆನ್ನೆಸ್ಸೀ ಅವರನ್ನು ಹೆಡ್ ಕೋಚ್ ಮಾಡಿತು, 2021ರಲ್ಲಿ ಅವರು ವರ್ಷದ ಕೋಚ್ ಪ್ರಶಸ್ತಿ ಪಡೆದರು. ಸಂದರ್ಶನದಲ್ಲಿ ಕೂತವರು ಅಂಕಪಟ್ಟಿ ಬಿಟ್ಟು ಬೇರೇನೋ ನೋಡಿರಬೇಕು, ಅಲ್ವಾ?

ಆ ಬೇರೇನೋ ಅಂದರೆ, ನನ್ನ ಲೆಕ್ಕದಲ್ಲಿ, ಜೊತೆಗೆ ಯಾರನ್ನು ಕರೆತರುತ್ತಾರೆ ಅನ್ನೋದೂ ಹೌದು. ಅಫೆನ್ಸ್‌ನಿಂದ ಬಂದವರಿಗೆ ಡಿಫೆನ್ಸ್ ನೋಡಿಕೊಳ್ಳಲು ಗಟ್ಟಿ ಆಳು ಬೇಕು. ಮೆಕ್‌ವೇ 2017ರಲ್ಲಿ ರಾಮ್ಸ್‌ಗೆ ಬಂದಾಗ ವಯಸ್ಸು ಬರೀ 30. ಅವರು ಡಿಫೆನ್ಸ್ ವಹಿಸಿದ್ದು 69 ವರ್ಷದ ವೇಡ್ ಫಿಲಿಪ್ಸ್‌ಗೆ. ಅಪ್ಪನ ವಯಸ್ಸಿನವರನ್ನು ಕೈಕೆಳಗೆ ಇಟ್ಟುಕೊಳ್ಳಲು ಧೈರ್ಯ ಬೇಕು, ಅವರ ಕೆಲಸದಲ್ಲಿ ಕೈಯಾಡಿಸದೆ ಇರಲು ಇನ್ನೂ ಜಾಸ್ತಿ ಧೈರ್ಯ ಬೇಕು. ಹಿಂದಿನ ವರ್ಷ 4 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 11 ಗೆದ್ದಿತು.

ಡಿಫೆನ್ಸ್‌ನವರು ಹೆಡ್ ಕೋಚ್ ಆದರೆ ತೊಂದರೆ ಬೇರೆ. ಅವರ ಅಫೆನ್ಸಿವ್ ಕೋಆರ್ಡಿನೇಟರ್ ಚೆನ್ನಾಗಿ ಮಾಡಿದರೆ ಮರುವರ್ಷ ಇನ್ನೊಂದು ತಂಡ ಅವರನ್ನೇ ಹೆಡ್ ಕೋಚ್ ಅಂತ ಎತ್ತಿಕೊಂಡು ಹೋಗುತ್ತದೆ. 2017ರ ಫೆಬ್ರವರಿಯಲ್ಲಿ ಅಟ್ಲಾಂಟಾಗೆ ಆದದ್ದು ಅದೇ. ಹೆಡ್ ಕೋಚ್ ಡ್ಯಾನ್ ಕ್ವಿನ್ ಡಿಫೆನ್ಸ್‌ನಿಂದ ಬಂದವರು, ಅಫೆನ್ಸ್ ಕೈಲ್ ಶಾನಹನ್ ಅವರದು. ಸೂಪರ್ ಬೌಲ್‌ನಲ್ಲಿ 28-3 ಮುಂದಿದ್ದು 34-28ಕ್ಕೆ ಸೋತರು. ಎಸೆದ ಚೆಂಡು ಕೈಗೆ ಸಿಗದಿದ್ದರೆ ಗಡಿಯಾರ ನಿಲ್ಲುತ್ತದೆ. ಮುಂದಿದ್ದಾಗ ಚೆಂಡು ಹಿಡಿದು ಓಡಿಸಿ ಸಮಯ ಕಳೆಯುವುದು ಬಿಟ್ಟು ಯಾಕೆ ಎಸೆಸಿದರು ಅಂತ ಶಾನಹನ್ ಮೇಲೆ ಎಲ್ಲರಿಗೂ ಸಿಟ್ಟು. ಸ್ಯಾನ್ ಫ್ರಾನ್ಸಿಸ್ಕೊ ಮರುದಿನವೇ ಅವರನ್ನು ಹೆಡ್ ಕೋಚ್ ಮಾಡಿಕೊಂಡಿತು! ಮುಂದೆ ಅವರು ಆ ತಂಡವನ್ನು ಎರಡು ಸಲ ಸೂಪರ್ ಬೌಲ್‌ಗೆ ಕರೆದೊಯ್ದರು.

ಕ್ವಿನ್‌ಗೆ 2020ರಲ್ಲಿ ಕೆಲಸ ಹೋಯಿತು. ಮೂರು ವರ್ಷ ಡಲ್ಲಾಸ್‌ನಲ್ಲಿ ಮತ್ತೆ ಕೋಆರ್ಡಿನೇಟರ್ ಆಗಿದ್ದು 2024ರಲ್ಲಿ ವಾಷಿಂಗ್‌ಟನ್‌ಗೆ ಹೆಡ್ ಕೋಚ್ ಆಗಿ ಬಂದರು. 4 ಗೆಲುವಿನ ತಂಡ 12ಕ್ಕೆ ಏರಿತು. ಅದೇ ವರ್ಷ ಜೇಡನ್ ಡೇನಿಯಲ್ಸ್ ಅನ್ನುವ ಹೊಸ ಕ್ವಾರ್ಟರ್‌ಬ್ಯಾಕ್ ಕೂಡ ಬಂದಿದ್ದ. ಯಾರ ಪಾಲು ಎಷ್ಟು ಅಂತ ಬಿಡಿಸಿ ಹೇಳುವವರು ಸಿಕ್ಕರೆ ನನಗೂ ಪರಿಚಯ ಮಾಡಿಸಿ.

ನಿಯಮಗಳ ವಿಷಯ ಸ್ವಲ್ಪ. ‘ರೂನಿ ರೂಲ್’ 2003ರಿಂದ ಇದೆ. ಪಿಟ್ಸ್‌ಬರ್ಗ್ ತಂಡದ ಮಾಲೀಕರಾಗಿದ್ದ ಡ್ಯಾನ್ ರೂನಿ ಅವರ ಹೆಸರು. ಹೆಡ್ ಕೋಚ್ ಹುದ್ದೆಗೆ ಅಲ್ಪಸಂಖ್ಯಾತ ಸಮುದಾಯದವರನ್ನೂ ಸಂದರ್ಶಿಸಲೇಬೇಕು, ಆದರೆ ಯಾರನ್ನು ಆರಿಸಬೇಕು ಅಂತ ಅದು ಹೇಳುವುದಿಲ್ಲ. ಇನ್ನೊಂದು, ತಂಡ ಪ್ಲೇಆಫ್‌ನಲ್ಲಿ ಆಡುತ್ತಿರುವಷ್ಟು ದಿನ ಅದರ ಕೋಆರ್ಡಿನೇಟರ್ ಬೇರೆ ಕಡೆ ಸಹಿ ಹಾಕುವಂತಿಲ್ಲ. ಶಾನಹನ್ ಸೂಪರ್ ಬೌಲ್ ಮುಗಿಯುವವರೆಗೆ ಕಾದದ್ದು ಇದಕ್ಕೇ.

ಮಕ್ಕಳು ಇಲ್ಲಿ ಕಾಲೇಜಿಗೆ ಹೋಗುತ್ತಿದ್ದರೆ ಕಾಲೇಜ್ ಫುಟ್‌ಬಾಲ್ ಕೂಡ ಮನೆಯೊಳಗೆ ಬಂದೇ ಬರುತ್ತದೆ. ಅಲ್ಲಿ ಅಳತೆಗೋಲೇ ಬೇರೆ. ಹೆಡ್ ಕೋಚ್ ಹೈಸ್ಕೂಲ್ ಹುಡುಗರ ಮನೆಗೆ ಹೋಗಿ, ಅವರ ಅಪ್ಪ ಅಮ್ಮನ ಎದುರು ಸೋಫಾದಲ್ಲಿ ಕೂತು, ನಿಮ್ಮ ಮಗನನ್ನು ನಮ್ಮಲ್ಲಿಗೆ ಕಳಿಸಿ ಅಂತ ಒಪ್ಪಿಸಬೇಕು. ಅಲಬಾಮಾದಲ್ಲಿ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಕರ್ಬಿ ಸ್ಮಾರ್ಟ್‌ಗೆ ಈ ಕಲೆ ಗೊತ್ತಿತ್ತು. ಜಾರ್ಜಿಯಾಗೆ ಹೋಗಿ 2021 ಮತ್ತು 2022ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನಲ್ಲಿ ಮೂರು ಸೂಪರ್ ಬೌಲ್ ಗೆದ್ದ ಅಫೆನ್ಸಿವ್ ಕೋಆರ್ಡಿನೇಟರ್ ಚಾರ್ಲಿ ವೈಸ್ 2005ರಲ್ಲಿ ನೋಟರ್ ಡೇಮ್‌ಗೆ ಬಂದಾಗ ಇನ್ನೇನು ಬೇಕು ಅಂದುಕೊಂಡವರೇ ಎಲ್ಲ. ಮೊದಲ ಸೀಸನ್ನಿನ ಮಧ್ಯದಲ್ಲೇ ಹತ್ತು ವರ್ಷದ ಒಪ್ಪಂದ ಬರೆದುಕೊಟ್ಟರು. 2009ರಲ್ಲಿ ಅವರನ್ನು ಕಳಿಸಿದಾಗ ಅದರಲ್ಲಿ ಇನ್ನೂ ವರ್ಷಗಟ್ಟಲೆ ಬಾಕಿ ಇತ್ತು.