ಅಂಗಳ ತಣ್ಣಗಿರಬೇಕೆಂದರೆ ತಟ್ಟಿಗೆ ನೀರುಣಿಸಲು ಕಲಿಯಿರಿ

ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ, ಬೇವಿನ ಗಿಡ ಕಡಿಸಿ, ಮೇಲೆ ತಗಡು ಹೊದಿಸಿ, ಆಮೇಲೆ ಹೊರಗೆ ಕೂಡಲಾಗುವುದಿಲ್ಲವೆಂದು ಗೊಣಗುವ ಈಗಿನವರ ಬುದ್ಧಿಯೇ ಹೊಸದು. ಕಾದ ತಗಡಿನ ಕೆಳಗೆ ತಂಪು ಹುಡುಕಿದರೆ ಎಲ್ಲಿ ಸಿಕ್ಕೀತು? ಜೋಳದ ಕಣಕಿಯನ್ನೋ ತೆಂಗಿನ ಗರಿಯನ್ನೋ ದಪ್ಪಗೆ ಹೊದಿಸಿ, ಬಿಸಿಗಾಳಿ ಹಾದುಹೋಗುವಷ್ಟು ಎತ್ತರಕ್ಕೆ ಹಂದರ ಹಾಕಿಸಿ, ಅದನ್ನು ಹೇಳಿಕೊಡಬೇಕಾಗಿಲ್ಲ.

ಹೇಳಿಕೊಡಬೇಕಾದದ್ದು ಲಾವಂಚದ ತಟ್ಟಿಯನ್ನು, ಅಂದರೆ ಲಾವಂಚವೆಂಬ ಹುಲ್ಲಿನ ಪರಿಮಳದ ಬೇರಿನಿಂದ ಹೆಣೆದ ಪರದೆಯನ್ನು. ನಮ್ಮ ಸೊಸೆ ಹೋದ ವರ್ಷ ಹಂದರದ ನಾಲ್ಕೂ ಕಡೆ ತಟ್ಟಿ ಬಿಗಿದು, ಬಕೆಟ್ಟುಗಟ್ಟಲೆ ನೀರು ಸುರಿದು, ಒಳಗೆ ಕುದಿಯುವ ಸೆಖೆ ಮಾಡಿಟ್ಟಿದ್ದಳು. ತಟ್ಟಿ ಗಾಳಿ ಬರುವ ಕಡೆಗೆ ಮಾತ್ರ ಇರಬೇಕು, ಎದುರಿನ ಕಡೆ ಬಯಲಾಗಿರಬೇಕು. ಹೊಸ ತಟ್ಟಿಯನ್ನು ಒಂದು ರಾತ್ರಿ ನೆನೆಹಾಕಿ ಕಟ್ಟಿದ ಮೇಲೆ, ಹಳೆಯ ಮಣ್ಣಿನ ಕೊಡದ ತಳಕ್ಕೆ ದಬ್ಬಣದಿಂದ ಸಣ್ಣ ತೂತು ಮಾಡಿ, ಹಳೆಯ ಧೋತರದ ಚಿಂದಿಯನ್ನು ಬತ್ತಿಯಂತೆ ಹೊಸೆದು ತೂರಿಸಿ, ಅದರ ತುದಿಯನ್ನು ತಟ್ಟಿಯ ಮೇಲಂಚಿನುದ್ದಕ್ಕೂ ಹಾಸಿದ ಇನ್ನೊಂದು ಚಿಂದಿಗೆ ತಾಗಿಸಿದರೆ, ನೀರು ಹನಿಹನಿಯಾಗಿ ಅಗಲಕ್ಕೆಲ್ಲ ಇಳಿಯುತ್ತದೆ. ಬತ್ತಿ ಬಿಗಿಯಾದರೆ ಬೇರು ಒಣಗುತ್ತದೆ, ಸಡಿಲಾದರೆ ಕೆಳಗೆ ಕೆಸರಾಗುತ್ತದೆ; ಕೊಡದ ಮುಂದೆ ಎರಡು ದಿನ ಕೂತು ಬತ್ತಿ ತಿದ್ದುವ ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಲಿಂಗಸುಗೂರಿನ ತವರಿನಲ್ಲಿ ನಮ್ಮವ್ವ ಅಂಗೈಯನ್ನು ತಟ್ಟಿಗೆ ಒತ್ತಿ ನೋಡುತ್ತಿದ್ದಳು: ಕೈಗೆ ತೇವ ಹತ್ತಬೇಕು, ಮೊಣಕೈಗೆ ನೀರು ಇಳಿಯಬಾರದು. ಹರಿದುಹೋದ ನೀರಿನಿಂದ ತಂಪಿಲ್ಲ. ಒಣಗಾಳಿಗೆ ಆವಿಯಾಗಿ ಹೋಗುವ ನೀರೇ ಸುತ್ತಲಿನ ಕಾವನ್ನು ಹೀರಿಕೊಂಡು ಹೋಗುತ್ತದೆ. ನಾವು ಹುಡುಗಿಯರು ಅದಕ್ಕೆ ಬೆನ್ನು ಹಚ್ಚಿ ಕೂತು, ಲಂಗ ತೋಯಿಸಿಕೊಂಡು ಬೈಸಿಕೊಳ್ಳುತ್ತಿದ್ದೆವು.

ಕುಡಿಯುವ ನೀರಿನ ಹರವಿಯೂ ಇದೇ ರೀತಿ ಬೆವರಿ ತಣಿಯುವುದರಿಂದ, ಅದರ ಹೊರಮೈಗೆ ಬಣ್ಣ ಬಳಿಯುವ ಚಂದಗಾರಿಕೆಯನ್ನು ದಯವಿಟ್ಟು ಬಿಡಿ.

ನಡುಮಧ್ಯಾಹ್ನ ಕಾದ ಸಿಮೆಂಟಿಗೆ ನೀರು ಚಿಮುಕಿಸಿದರೆ ಅರೆಗಳಿಗೆಯಲ್ಲಿ ಆರಿಹೋಗುತ್ತದೆ. ಹೊತ್ತಿಳಿದ ಮೇಲೆ ಮಣ್ಣಿನಂಗಳಕ್ಕೆ ಚಿಮುಕಿಸಿದರೆ ರಾತ್ರಿ ಹೊರಸು ಹಾಕಲು ಹಿತವಾಗಿರುತ್ತದೆ. ತಟ್ಟಿಯನ್ನು ನಾಲ್ಕೈದು ದಿನಕ್ಕೊಮ್ಮೆ ಪೂರಾ ಒಣಗಲು ಬಿಡಿ, ಇಲ್ಲವಾದರೆ ಪರಿಮಳ ಹೋಗಿ ಮುಗ್ಗಲು ನಾರುತ್ತದೆ. ಮೃಗಶಿರ ಮಳೆ ಬಿದ್ದು ಗಾಳಿಗೇ ತೇವ ಬಂದ ಮೇಲೆ ಅದರ ಕೆಲಸ ನಡೆಯದು. ಆಗ ಬಿಚ್ಚಿ, ನೆರಳಿನಲ್ಲಿ ಆರಿಸಿ, ಅಟ್ಟಕ್ಕೆ ಏರಿಸಿಬಿಡಿ.