ರಜೆಯನ್ನು ಮಕ್ಕಳು ಮನೆಗೆ ಬರುವ ದಿನಕ್ಕೆ ಎತ್ತಿಟ್ಟೆವು

ಅವಳಿಗಳು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದಾಗ ಅಪ್ಪ ಕೆಲಸಕ್ಕೆ ಹೋದರೆ ಯಾರಿಗೂ ಸರಿ ಕಾಣುವುದಿಲ್ಲ. ನನ್ನ ಅಕ್ಕನೇ, ‘ಮಕ್ಕಳು ಅಲ್ಲಿ ಮಲಗಿರುವಾಗ ನಿನಗೆ ಕಚೇರಿ ಹೇಗೆ ನೆನಪಾಗುತ್ತದೆಯೋ’ ಎಂದಳು. ಈಗ ಮಕ್ಕಳಿಬ್ಬರೂ ಮನೆಯಲ್ಲಿದ್ದಾರೆ, ನನ್ನ ಕೆಲಸ ಉಳಿದಿದೆ, ಹಿರಿಯ ಮಗಳು ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

29ನೇ ವಾರದಲ್ಲಿ ಹುಟ್ಟಿದರು. ಮಗ ಸುಮಾರು 1,150 ಗ್ರಾಂ, ಮಗಳು 980. ಗಾಳಿಯ ಒತ್ತಡದಿಂದ ಉಸಿರಿಗೆ ನೆರವಾಗುವ ಸಿಪ್ಯಾಪ್, ಉಸಿರು ನಿಲ್ಲದಿರಲೆಂದು ಕೊಡುವ ಕೆಫೀನ್, ನಳಿಕೆಯ ಹಾಲು ಎಲ್ಲ ಆಯಿತು. ಅಲ್ಲಿ ಕೂತು ಬಂದವರಿಗೆ ಇವನ್ನು ವಿವರಿಸಬೇಕಾಗಿಲ್ಲ.

ಮೊದಲ ಹತ್ತು ದಿನ ನಾವೂ ಎಲ್ಲರಂತೆಯೇ ಮಾಡಿದೆವು. ಬೆಳಗಿನಿಂದ ರಾತ್ರಿಯವರೆಗೆ ಇಬ್ಬರೂ ಹೊರಗಿನ ಕುರ್ಚಿಯಲ್ಲಿ ಕೂತಿದ್ದೆವು. ಒಳಗೆ ಇದ್ದದ್ದು ಒಂದೂವರೆ ಗಂಟೆಯೂ ಇರಲಿಕ್ಕಿಲ್ಲ. ಶಸ್ತ್ರಚಿಕಿತ್ಸೆಯ ಹೊಲಿಗೆ ಒಣಗುವ ಮೊದಲೇ ಹೆಂಡತಿ ಹಾಗೆ ಕೂತು ಕೂತು, ನಿದ್ರೆಯಿಲ್ಲದೆ, ಹೆಚ್ಚಬೇಕಿದ್ದ ಹಾಲು ಕಡಿಮೆಯಾಯಿತು. ಓಡಾಟಕ್ಕೆ ಮತ್ತು ಹೊರಗಿನ ಊಟಕ್ಕೆ ಹೋದ ಹಣ ನನ್ನ ಅರ್ಧ ತಿಂಗಳ ಸಂಬಳಕ್ಕೆ ಹತ್ತಿರವಾಗಿತ್ತು. ಗಾಬರಿಯಲ್ಲಿ ಎರಡನೇ ಹಾಲಿನ ಪಂಪ್ ಕೊಂಡೆವು, ಅದು ದಂಡ. ಬೇಕಾಗಿದ್ದದ್ದು ಯಂತ್ರವಲ್ಲ, ಅದರ ಬಿಡಿಭಾಗಗಳ ಇನ್ನೊಂದು ಜೊತೆ. ಒಂದು ಜೊತೆ ಕುದಿಯುತ್ತಿದ್ದರೆ ಇನ್ನೊಂದು ಕೈಗೆ ಸಿಗಬೇಕು, ಅಷ್ಟೆ. ತೀರಾ ಚಿಕ್ಕ ಅಳತೆಯ ಬಟ್ಟೆಗಳನ್ನೂ ರಾಶಿ ಹಾಕಿಕೊಂಡಿದ್ದೆವು. ಬಟ್ಟೆ ತೊಡಿಸಬಹುದು ಎನ್ನುವ ಹೊತ್ತಿಗೆ ಮಗನಿಗೆ ಅವು ಬಿಗಿಯಾಗಿದ್ದವು.

ಹನ್ನೊಂದನೇ ದಿನ ಇಬ್ಬರೂ ಕೂತು ಲೆಕ್ಕ ಹಾಕಿದೆವು. ನನಗೆ ಉಳಿದಿದ್ದದ್ದು ನಲವತ್ತು ದಿನಗಳ ಸಂಬಳಸಹಿತ ರಜೆ. ಅದನ್ನು ಕುರ್ಚಿಯ ಮೇಲೆ ಕಳೆದರೆ ಮಕ್ಕಳು ಮನೆಗೆ ಬಂದಾಗ ಕೈ ಬರಿದಾಗುತ್ತಿತ್ತು. ಮರುದಿನದಿಂದಲೇ ನಾನು ಕೆಲಸಕ್ಕೆ ಹೊರಟೆ. ಕುರ್ಚಿಯ ಹೊತ್ತನ್ನು ಪೂರ್ತಿ ಬಿಟ್ಟೆವು, ಎದೆಯ ಮೇಲಿನ ಹೊತ್ತನ್ನು ಹೆಚ್ಚಿಸಿದೆವು. ಬೆಳಗ್ಗೆ ಅವಳು, ಸಂಜೆ ನಾನು. ಒಂದು ಮಗುವಿಗೆ ಕನಿಷ್ಠ ಒಂದೂವರೆ ಗಂಟೆ ಬಿಡದೆ ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಎದೆಗೆ ಚರ್ಮ ತಾಗುವಂತೆ ಒರಗಿಸಿಕೊಳ್ಳುವುದು. ಎತ್ತುವುದು ಮಲಗಿಸುವುದರಲ್ಲೇ ಮಗು ದಣಿಯುವುದರಿಂದ ಇಪ್ಪತ್ತು ನಿಮಿಷಕ್ಕೆಂದು ಎತ್ತಿಕೊಳ್ಳುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಎನ್ನುತ್ತದೆ. ನಮ್ಮಿಂದ ಅದು ಆಗಲಿಲ್ಲ. ಇಬ್ಬರೂ ಸೇರಿ ಒಂದೊಂದು ಮಗುವಿಗೆ ಮೂರು ಗಂಟೆಯಿಂದ ಶುರುಮಾಡಿ, ಕೊನೆಯ ವಾರಗಳಲ್ಲಿ ಐದಕ್ಕೆ ಮುಟ್ಟಿಸಿದೆವು. ಮಗಳು ನನ್ನ ಎದೆಯ ಮೇಲಿದ್ದಾಗ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ತೊಟ್ಟಿಲಿನಲ್ಲಿದ್ದಾಗಿನದಕ್ಕಿಂತ ಸ್ಥಿರವಾಗಿರುತ್ತಿತ್ತು. ಅದನ್ನು ಮೊದಲು ಗಮನಿಸಿ ಹೇಳಿದವರು ದಾದಿ. ಅಪ್ಪನ ಎದೆ ಅಮ್ಮನ ಎದೆಗೆ ಸಮವಲ್ಲ ಎಂದವರಿಗೆ ನಾನು ಆ ಮಾನಿಟರಿನ ಪರದೆಯನ್ನೇ ತೋರಿಸಬಲ್ಲೆ. ಇಬ್ಬರನ್ನೂ ಒಟ್ಟಿಗೆ ಮಲಗಿಸಿಕೊಂಡು ತಂತಿ, ನಳಿಕೆ ಸಿಕ್ಕಾಗದಂತೆ ನೋಡಿಕೊಳ್ಳುವ ಒಂದು ಉಪಾಯವನ್ನೂ ಕಲಿತೆ. ಅದನ್ನು ಬರೆಯುವುದಿಲ್ಲ. ಯಾರಾದರೂ ದಾದಿ ಪಕ್ಕದಲ್ಲಿಲ್ಲದೆ ಮಾಡಿಬಿಟ್ಟಾರೆಂಬ ಭಯ.

ಹಾಲಿನ ವಿಷಯ. ದಿನಕ್ಕೆ ಎಂಟು ಸಲ ಹಿಂಡಬೇಕು ಎಂದು ನಿಮಗೂ ಹೇಳಿರುತ್ತಾರೆ. ತಪ್ಪಿಸಬಾರದ್ದು ರಾತ್ರಿಯ ಸರದಿ. ಮೂರು ಗಂಟೆಯ ಸರದಿಗೆ ಅವಳು ಕೂತಲ್ಲೇ ಹಿಂಡುತ್ತಿದ್ದಳು. ತೊಳೆಯುವುದು, ಕುದಿಸುವುದು, ಹೆಸರು, ಹೊತ್ತು ಬರೆದು ಫ್ರಿಜ್ಜಿನಲ್ಲಿಡುವುದು ನನ್ನ ಪಾಲು. ಅವಳಿಗೆ ನಲವತ್ತು ನಿಮಿಷ ಹೆಚ್ಚು ನಿದ್ರೆ ಸಿಕ್ಕಿತು. ಹತ್ತು ದಿನಗಳಲ್ಲಿ ಹಾಲು ಒಂದೂವರೆ ಪಟ್ಟಾದರೂ ಹೆಚ್ಚಿರಬೇಕು.

ಎರಡು ಮಕ್ಕಳ ಅಂಕಿಗಳು ತಲೆಯಲ್ಲಿ ಬೆರೆತುಹೋಗುತ್ತವೆ. ಒಮ್ಮೆ ಮಗನ ತೂಕವನ್ನು ಮಗಳದ್ದೆಂದುಕೊಂಡು ರಾತ್ರಿಯಿಡೀ ಖುಷಿಪಟ್ಟು, ಬೆಳಗ್ಗೆ ಅತ್ತೆವು. ಅಂದಿನಿಂದ ಒಂದೇ ನೋಟ್‌ಬುಕ್, ಮಗನಿಗೆ ಹಸಿರು ಶಾಯಿ, ಮಗಳಿಗೆ ಕೆಂಪು. ತೂಕ, ಹಾಲು ಎಷ್ಟು ಮಿಲಿ, ಉಸಿರು ನಿಂತದ್ದು ಎಷ್ಟು ಸಲ, ವೈದ್ಯರಿಗೆ ಕೇಳಬೇಕಾದ ಮೂರು ಪ್ರಶ್ನೆ. ಮೂರಕ್ಕಿಂತ ಹೆಚ್ಚು ಕೇಳಿದರೆ ಯಾವುದಕ್ಕೂ ಪೂರ್ತಿ ಉತ್ತರ ಸಿಗುತ್ತಿರಲಿಲ್ಲ.

ಕಾಂಗರೂ ಗಂಟೆಗೂ ಮರುದಿನದ ತೂಕಕ್ಕೂ ನಂಟಿದೆಯೇ ಎಂದು ಎರಡು ವಾರ ನಕ್ಷೆ ಬರೆದೆ. ಏನೂ ಕಾಣಲಿಲ್ಲ. ತೂಕದ ಯಂತ್ರ ಬದಲಾದರೂ, ಮಲವಿಸರ್ಜನೆ ಆದರೂ ಅಂಕಿ ಅಲುಗಾಡುತ್ತದೆ. ವಾರದಿಂದ ವಾರಕ್ಕೆ ನೋಡಿದಾಗ ಮಾತ್ರ ಗೆರೆ ಮೇಲೇರಿತು. ಗಟ್ಟಿಯಾಗಿ ಕಥೆ ಹೇಳಿ ನೋಡಿದೆ, ಮಗಳ ಮುಖ ಕಿವುಚಿತು. ಪಿಸುಮಾತಿಗೆ ಇಳಿಸಿದ ಮೇಲೆ ಕಣ್ಣು ತೆರೆದಳು.

ವ್ಯವಸ್ಥೆ ಒಮ್ಮೆ ಮುರಿಯಿತು. ಇಪ್ಪತ್ತೆರಡನೇ ದಿನವಿರಬೇಕು, ಮಗಳ ಹೊಟ್ಟೆ ಉಬ್ಬಿತು, ಹಾಲು ನಿಲ್ಲಿಸಿ ಪ್ರತಿಜೀವಕ ಶುರುಮಾಡಿದರು. ಆ ಐದು ದಿನ ನಾನು ಕೆಲಸಕ್ಕೆ ಹೋಗಲಿಲ್ಲ, ಮತ್ತೆ ಅದೇ ಕುರ್ಚಿಯಲ್ಲಿ ಕೂತೆ. ಅಂಥ ದಿನಗಳಿಗೂ ರಜೆ ಉಳಿದಿತ್ತೆಂಬುದೇ ನನ್ನ ವಾದ.

ಹಿರಿಯವಳಿಗೆ ಆರು ವರ್ಷ. ಒಳಗೆ ಅವಳನ್ನು ಬಿಡುತ್ತಿರಲಿಲ್ಲ. ರಾತ್ರಿಯ ಊಟ ಮಾತ್ರ ಅವಳೊಂದಿಗೇ ಎಂದು ನಿಶ್ಚಯಿಸಿದ್ದೆ. ಆ ಅರ್ಧ ಗಂಟೆ ಮೊಬೈಲ್ ಹೆಂಡತಿಯ ಕೈಯಲ್ಲಿ. ಹಿರಿಯವಳು ಬರೆದ ಚಿತ್ರಗಳನ್ನು ದಾದಿಯರು ಇನ್‌ಕ್ಯುಬೇಟರಿನ ಹೊರಗೋಡೆಗೆ ಅಂಟಿಸಿದರು. ಅದಾದ ಮೇಲೆ ‘ನಾನು ಯಾವಾಗ ನೋಡುವುದು’ ಎಂದು ಅಳುವುದು ಕಡಿಮೆಯಾಯಿತು.

ಮಗ 52ನೇ ದಿನ ಮನೆಗೆ ಬಂದ. ಮಗಳು ಪೂರ್ತಿ ಬಾಯಿಂದ ಕುಡಿಯಲು ಇನ್ನೂ ಹದಿನೈದು ದಿನ ಬೇಕಾಯಿತು. ಒಂದು ಮಗು ಮಡಿಲಲ್ಲಿ, ಇನ್ನೊಂದು ಅಲ್ಲಿ. ಇಡೀ ಅವಧಿಯಲ್ಲಿ ಅತಿ ಕಷ್ಟದ ದಿನಗಳು ಅವೇ, ಮತ್ತು ಅದರ ಬಗ್ಗೆ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಆಗ ನಾನು ರಜೆ ತೆಗೆದೆ. ಒಬ್ಬರು ಮನೆಯಲ್ಲಿ ಮಗನ ಬಳಿ, ಒಬ್ಬರು ಅಲ್ಲಿ ಮಗಳ ಬಳಿ, ಮಧ್ಯಾಹ್ನ ಅದಲುಬದಲು.

67ನೇ ದಿನ ಸಂಜೆ ಮಗಳನ್ನು ತಂದು ಅಣ್ಣನ ಪಕ್ಕ ಮಲಗಿಸಿದೆವು. ಅಕ್ಕ ಬಂದು ಬಾಗಿಲಲ್ಲೇ ನಿಂತು, ‘ನಾಳೆ ಕೆಲಸಕ್ಕೆ ಹೋಗುತ್ತೀಯಾ?’ ಎಂದು ಕೇಳಿದಳು. ಇಲ್ಲ ಎಂದೆ. ಇನ್ನೂ ಇಪ್ಪತ್ತು ದಿನಗಳ ರಜೆ ಉಳಿದಿತ್ತು.