ಬಟ್ಟೆ ಬ್ರ್ಯಾಂಡಿನ ಮಾರಾಟ, ಲಾಭ: ರಿಗ್ರೆಶನ್ ಹಾಕಿ ನೋಡುವುದು ಹೇಗೆ?

ಮಾರಾಟ ಏರಿದರೂ ಲಾಭ ಯಾಕೆ ಏರಲಿಲ್ಲ ಅಂತ ತಲೆ ಕೆರೆದುಕೊಳ್ಳುವ ಮೊದಲು ಎಕ್ಸೆಲ್ ತೆರೆಯಿರಿ. ಎರಡು ವರ್ಷದ ತಿಂಗಳವಾರು ಲೆಕ್ಕ ಇದ್ದರೆ ಒಳ್ಳೆಯದು. ಡೇಟಾ ಅನಾಲಿಸಿಸ್‌ನಲ್ಲಿ ರಿಗ್ರೆಶನ್ (ಒಂದು ಅಂಕಿ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಂದಾಜಿಸುವ ಲೆಕ್ಕ) ಆರಿಸಿ, ವೈ ಜಾಗಕ್ಕೆ ಲಾಭ, ಎಕ್ಸ್ ಜಾಗಕ್ಕೆ ಮಾರಾಟ ಕೊಡಿ. ಆ ಮೆನು ಕಾಣದಿದ್ದರೆ ಆಡ್-ಇನ್ಸ್‌ನಲ್ಲಿ ಅನಾಲಿಸಿಸ್ ಟೂಲ್‌ಪ್ಯಾಕ್ ಆನ್ ಮಾಡಿ.

ಲಾಭ = 0.30 × ಮಾರಾಟ − 2,00,000 ಅಂತ ಬಂತು ಅನ್ನಿ. ಅಂದರೆ ಮಾರಾಟ 100 ರೂಪಾಯಿ ಹೆಚ್ಚಿದರೆ ಲಾಭ ಸುಮಾರು 30 ಹೆಚ್ಚುತ್ತದೆ. ಆ 2 ಲಕ್ಷ ಹೆಚ್ಚುಕಮ್ಮಿ ಬಾಡಿಗೆ, ಸಂಬಳದಂಥ ಖರ್ಚು, ಗಿರಾಕಿ ಬರಲಿ ಬಿಡಲಿ ತಪ್ಪದು. ಹಾಗಾಗಿ ಅಸಲು ಹುಟ್ಟಲು ತಿಂಗಳಿಗೆ ಸುಮಾರು 6.67 ಲಕ್ಷ ವ್ಯಾಪಾರ ಬೇಕು.

ಆರ್-ಸ್ಕ್ವೇರ್ (ಲಾಭದ ಏರಿಳಿತದಲ್ಲಿ ಎಷ್ಟು ಪಾಲನ್ನು ಮಾರಾಟ ವಿವರಿಸುತ್ತದೆ ಅನ್ನುವ, 0ರಿಂದ 1ರ ನಡುವಿನ ಅಂಕಿ) 0.9 ಬಂತು ಅಂತ ಸುಮ್ನೆ ಕುಣಿಯಬೇಡಿ. ಆಷಾಢ ಸೇಲ್ ಥರದ ತಿಂಗಳಿಗೆ 1, ಉಳಿದವಕ್ಕೆ 0 ಅಂತ ಇನ್ನೊಂದು ಕಾಲಂ ಸೇರಿಸಿ, ಅದನ್ನೂ ಎಕ್ಸ್ ಜಾಗಕ್ಕೆ ಕೊಟ್ಟು ಮತ್ತೆ ರಿಗ್ರೆಶನ್ ಹಾಕಿ. ಆ ಕಾಲಂಗೆ ಬಂದ ಅಂಕಿ (ಮಾರಾಟಕ್ಕೆ 0.30 ಬಂದ ಹಾಗೆ) ಮೈನಸ್ ಆಗಿದ್ದು, ಪಿ-ವ್ಯಾಲ್ಯೂ (ನಿಜಕ್ಕೂ ಪರಿಣಾಮ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಂಥ ಅಂಕಿ ಬರುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಇದ್ದರೆ, ಡಿಸ್ಕೌಂಟೇ ಲಾಭ ತಿನ್ನುತ್ತಿರಬಹುದು.